ಕ್ಷ-ಕಿರಣಗಳಲ್ಲಿ ನ್ಯೂಟ್ರಾನ್ ನಕ್ಷತ್ರದ ಗಿರಕಿ ಅಳೆಯುವುದು ಹೇಗೆ: ಕಡತ ಇಳಿಸಿಕೊಳ್ಳುವುದರಿಂದ ಏಳನೇ ದಶಮಾಂಶದವರೆಗೆ

ಏಡಿ ನೀಹಾರಿಕೆಯ ನಡುವೆ ಕೂತಿರುವ ನ್ಯೂಟ್ರಾನ್ ನಕ್ಷತ್ರ (ದೊಡ್ಡ ನಕ್ಷತ್ರ ಸಿಡಿದ ಮೇಲೆ ಉಳಿದ ಒತ್ತೊತ್ತಾದ ತಿರುಳು) ಸೆಕೆಂಡಿಗೆ ಸುಮಾರು 29.6 ಸಲ ಸುತ್ತುತ್ತದೆ. ಇದನ್ನು ಯಾರೋ ಹೇಳಿದರೆಂದು ನಂಬಬೇಕಾಗಿಲ್ಲ. ಮನೆಯ ಲ್ಯಾಪ್‌ಟಾಪ್‌ನಲ್ಲಿ, ಪುಕ್ಕಟೆ ಸಿಗುವ ದತ್ತಾಂಶದಲ್ಲಿ, ಒಂದು ಭಾನುವಾರ ಕೂತರೆ ನೀವೇ ಅಳೆಯಬಹುದು. ಮೊದಲ ಮೂರು ಅಂಕಿ ಹತ್ತು ನಿಮಿಷದಲ್ಲಿ ಸಿಗುತ್ತವೆ. ಆಮೇಲಿನ ಐದಾರು ಅಂಕಿಗಳಿಗೆ ಉಳಿದ ದಿನವೆಲ್ಲ ಹಿಡಿಯುತ್ತದೆ. ಈ ಮಾರ್ಗದರ್ಶಿ ಹೆಚ್ಚಾಗಿ ಆ ಐದಾರು ಅಂಕಿಗಳ ಕುರಿತದ್ದು, ಏಕೆಂದರೆ ಅಲ್ಲಿ ಕಷ್ಟ ಕೊಡುವುದು ನಕ್ಷತ್ರ ಅಲ್ಲ, ನಮ್ಮ ಗಡಿಯಾರ.

ಪೈಥಾನ್ ಅಲ್ಪಸ್ವಲ್ಪ ಗೊತ್ತಿರಬೇಕು, ಪಿಯುಸಿ ಮಟ್ಟದ ಭೌತಶಾಸ್ತ್ರ ನೆನಪಿರಬೇಕು. ಎರಡು ಪದ ಮೊದಲೇ ಹೇಳಿಬಿಡುತ್ತೇನೆ: ಒಂದು ಸುತ್ತಿಗೆ ಬೇಕಾದ ಸಮಯ ಅವಧಿ, ಸೆಕೆಂಡಿಗೆ ಎಷ್ಟು ಸುತ್ತು ಎಂಬುದು ಆವೃತ್ತಿ. ಕೆಲಸವೆಲ್ಲ ಆವೃತ್ತಿಯಲ್ಲೇ ಮಾಡಿ, ಲೆಕ್ಕ ಸಲೀಸು.

ಯಾವ ನಕ್ಷತ್ರದಿಂದ ಶುರು ಮಾಡಬೇಕು

ಏಡಿಯಿಂದಲೇ. ಬೇರೆ ಆಯ್ಕೆ ಯೋಚಿಸಲೇಬೇಡಿ. ಅದು ಕ್ಷ-ಕಿರಣದಲ್ಲಿ ಪ್ರಖರ, ಅದರ ಮಿಡಿತ, ಅಂದರೆ ಸುತ್ತಿದಾಗಲೆಲ್ಲ ಬೆಳಕು ಏರಿ ಇಳಿಯುವುದು, ಚೂಪು. ಎಲ್ಲಕ್ಕಿಂತ ಮುಖ್ಯವಾಗಿ, ಉತ್ತರ ಮೊದಲೇ ಗೊತ್ತು. ಬ್ರಿಟನ್ನಿನ ಜೋಡ್ರೆಲ್ ಬ್ಯಾಂಕ್ ರೇಡಿಯೊ ವೀಕ್ಷಣಾಲಯ 1982ರಿಂದ ಪ್ರತಿ ತಿಂಗಳೂ ಇದರ ಆವೃತ್ತಿಯನ್ನು ಪ್ರಕಟಿಸುತ್ತಾ ಬಂದಿದೆ. ಉತ್ತರ ಗೊತ್ತಿರುವ ಲೆಕ್ಕವನ್ನು ಮೊದಲು ಮಾಡಿದರೆ ಗೊತ್ತಿಲ್ಲದ ಲೆಕ್ಕಕ್ಕೆ ಧೈರ್ಯ ಬರುತ್ತದೆ.

ಕ್ಷ-ಕಿರಣದಲ್ಲಿ ಮಿಡಿಯುವ ನ್ಯೂಟ್ರಾನ್ ನಕ್ಷತ್ರಗಳಲ್ಲಿ ಸ್ಥೂಲವಾಗಿ ಎರಡು ಜಾತಿ. ಏಡಿಯಂಥವು ತಮ್ಮ ಗಿರಕಿಯ ಶಕ್ತಿಯನ್ನೇ ಖರ್ಚು ಮಾಡಿ ಬೆಳಗುತ್ತವೆ, ಹಾಗಾಗಿ ನಿಧಾನವಾಗುತ್ತಾ ಹೋಗುತ್ತವೆ. ಇನ್ನೊಂದು ಜಾತಿ ಜೋಡಿ ನಕ್ಷತ್ರದಿಂದ ಅನಿಲ ಎಳೆದುಕೊಳ್ಳುತ್ತದೆ. ಆ ಅನಿಲ ಕಾಂತಧ್ರುವಗಳ ಮೇಲೆ ಬಿದ್ದು ಕಾದ ಕಲೆಯಾಗುತ್ತದೆ, ಸುತ್ತಿದಾಗ ಆ ಕಲೆ ಬಂದು ಹೋಗುತ್ತದೆ. ಇಂಥವು ನಿಧಾನವೂ ಆಗಬಹುದು, ವೇಗವನ್ನೂ ಪಡೆಯಬಹುದು. 1971ರಲ್ಲಿ ಉಹುರು ಉಪಗ್ರಹ ಸೆಂಟಾರಸ್ ಎಕ್ಸ್-3ರಲ್ಲಿ 4.8 ಸೆಕೆಂಡಿನ ಮಿಡಿತ ಕಂಡದ್ದು ಈ ಜಾತಿಯ ಮೊದಲ ಉದಾಹರಣೆ. ಏಡಿ ಮುಗಿದ ಮೇಲೆ ಅಲ್ಲಿಗೇ ಹೋಗೋಣ.

ಯಾವ ಉಪಗ್ರಹದ ದತ್ತಾಂಶ

ಇಲ್ಲಿ ಅನೇಕರು ಮುಗ್ಗರಿಸುತ್ತಾರೆ. ದೂರದರ್ಶಕ ಎಷ್ಟು ದೊಡ್ಡದಾದರೂ ಅದು ಫೋಟಾನ್ ಬಂದ ಹೊತ್ತನ್ನು ಎಷ್ಟು ಚೊಕ್ಕವಾಗಿ ಬರೆದಿಡುತ್ತದೆ ಎಂಬುದೇ ನಮಗೆ ಮುಖ್ಯ. ಚಂದ್ರಾ ಉಪಗ್ರಹದ ಸಿಸಿಡಿ ಕ್ಯಾಮೆರಾ ಮಾಮೂಲು ವಿಧಾನದಲ್ಲಿ 3.2 ಸೆಕೆಂಡಿಗೊಂದು ಚಿತ್ರ ತೆಗೆಯುತ್ತದೆ. ಅಷ್ಟರಲ್ಲಿ ಏಡಿ ತೊಂಬತ್ತಕ್ಕೂ ಹೆಚ್ಚು ಸುತ್ತು ಹಾಕಿರುತ್ತದೆ. ಸ್ವಿಫ್ಟ್‌ನ ಕ್ಷ-ಕಿರಣ ದೂರದರ್ಶಕ ಚಿತ್ರ ತೆಗೆಯುವ ವಿಧಾನದಲ್ಲಿದ್ದರೆ 2.5 ಸೆಕೆಂಡು. ಎಕ್ಸ್‌ಎಂಎಂ-ನ್ಯೂಟನ್‌ನ ಪಿಎನ್ ಕ್ಯಾಮೆರಾ ಪೂರ್ಣ ಚೌಕಟ್ಟಿನಲ್ಲಿ 73 ಮಿಲಿಸೆಕೆಂಡು, ಅದೂ ಸಾಲದು. ಕಡತ ಇಳಿಸಿಕೊಳ್ಳುವ ಮೊದಲು ವೀಕ್ಷಣೆ ಯಾವ ವಿಧಾನದಲ್ಲಿ ನಡೆದಿದೆ ಎಂದು ನೋಡಿಯೇ ಮುಂದಕ್ಕೆ ಹೋಗಿ.

ನಮ್ಮ ಕೆಲಸಕ್ಕೆ ಒದಗುವವು ಎರಡು. ಒಂದು ನೈಸರ್. 2017ರ ಜೂನ್‌ನಿಂದ ಅಂತರರಾಷ್ಟ್ರೀಯ ಬಾಹ್ಯಾಕಾಶ ನಿಲ್ದಾಣದ ಹೊರಗೆ ಕೂತಿರುವ ಉಪಕರಣ, ಪ್ರತಿ ಫೋಟಾನ್‌ಗೂ 300 ನ್ಯಾನೊಸೆಕೆಂಡಿಗಿಂತ ಕಡಿಮೆ ದೋಷದಲ್ಲಿ ಹೊತ್ತಿನ ಮುದ್ರೆ ಒತ್ತುತ್ತದೆ. ಇದರ ದತ್ತಾಂಶ ನಾಸಾದ ಹೀಸಾರ್ಕ್ ಭಂಡಾರದಲ್ಲಿದೆ. ಇನ್ನೊಂದು ನಮ್ಮದೇ ಆಸ್ಟ್ರೋಸ್ಯಾಟ್. 2015ರ ಸೆಪ್ಟೆಂಬರ್ 28ರಂದು ಹಾರಿದ ಇದರಲ್ಲಿ ಮುಂಬೈನ ಟಿಐಎಫ್‌ಆರ್ ಕಟ್ಟಿದ ಲ್ಯಾಕ್ಸ್‌ಪಿಸಿ ಎಂಬ ಅನಿಲ ತುಂಬಿದ ಎಣಿಕೆಯಂತ್ರಗಳು ಮೂರಿವೆ. 3ರಿಂದ 80 ಕಿಲೋ ಎಲೆಕ್ಟ್ರಾನ್ ವೋಲ್ಟ್‌ವರೆಗಿನ ಫೋಟಾನ್‌ಗಳನ್ನು 10 ಮೈಕ್ರೋಸೆಕೆಂಡಿನ ಚೊಕ್ಕದಲ್ಲಿ ಎಣಿಸುತ್ತವೆ. ದತ್ತಾಂಶ ಬೆಂಗಳೂರಿನ ಹೊರವಲಯದ ಬ್ಯಾಲಾಳುವಿನಲ್ಲಿರುವ ಇಸ್ರೋ ದತ್ತಾಂಶ ಕೇಂದ್ರದಲ್ಲಿದೆ, ನೋಂದಾಯಿಸಿಕೊಂಡರೆ ಇಳಿಸಿಕೊಳ್ಳಬಹುದು. ಒಂದು ಮಾತು: ಮೂರನೇ ಯಂತ್ರ 2018ರ ಮಾರ್ಚ್‌ನಿಂದ ಕೆಲಸ ಮಾಡುತ್ತಿಲ್ಲ, ಒಂದನೆಯದು ಸ್ಥಿರವಾಗಿಲ್ಲ. ಎರಡನೆಯದನ್ನೇ, ಅಂದರೆ ಲ್ಯಾಕ್ಸ್‌ಪಿಸಿ-20 ಎಂದು ಕರೆಯುವುದನ್ನೇ ನೆಚ್ಚಿಕೊಳ್ಳಿ.

ಮೊದಲ ಸಲಕ್ಕೆ ನೈಸರ್ ಸುಲಭ. ಕೆಳಗಿನ ಹೆಜ್ಜೆಗಳನ್ನು ಅದಕ್ಕೇ ಬರೆದಿದ್ದೇನೆ.

ಸಾಮಾನು ಸರಂಜಾಮು

ಹೀಸಾಫ್ಟ್ ಎಂಬ ತಂತ್ರಾಂಶ ಕಟ್ಟು ಬೇಕು, ಅದರ ಜೊತೆ ಮಾಪನಾಂಕ ಕಡತಗಳೂ ಬೇಕು. ಪೈಥಾನ್‌ನಲ್ಲಿ ಸ್ಟಿಂಗ್ರೇ ಮತ್ತು ಪಿಂಟ್ ಎಂಬ ಎರಡು ಗ್ರಂಥಾಲಯಗಳನ್ನು ಹಾಕಿಕೊಳ್ಳಿ. ಮೊದಲನೆಯದು ಆವೃತ್ತಿ ಹುಡುಕುವುದಕ್ಕೆ, ಎರಡನೆಯದು ಕೊನೆಯಲ್ಲಿ ಸುತ್ತುಗಳನ್ನು ಲೆಕ್ಕ ಇಡುವುದಕ್ಕೆ. ಲಿನಕ್ಸ್ ಅಥವಾ ಮ್ಯಾಕ್ ಇದ್ದರೆ ಒಳ್ಳೆಯದು. ಹೀಸಾಫ್ಟ್ ಅನ್ನು ಸ್ವಂತ ಯಂತ್ರದಲ್ಲಿ ಕಟ್ಟಿ ನಿಲ್ಲಿಸಲು ನನಗೆ ಒಂದಿಡೀ ರಾತ್ರಿ ಹಿಡಿದದ್ದುಂಟು. ಆ ಗೋಜೇ ಬೇಡ ಎನ್ನುವವರು ಸೈಸರ್ವರ್ ಎಂಬ ಉಚಿತ ತಾಣದಲ್ಲಿ ಖಾತೆ ತೆರೆದರೆ ಬ್ರೌಸರ್‌ನಲ್ಲೇ ಎಲ್ಲ ಸಿದ್ಧವಾಗಿ ಸಿಗುತ್ತದೆ.

ಸೋಸುವುದು

ನೈಸರ್ ಕಡತಕ್ಕೆ ಒಂದೇ ಆಜ್ಞೆ ಸಾಕು, ನೈಸರ್‌ಎಲ್2. ಅದು ಕೆಟ್ಟ ಹೊತ್ತನ್ನು ಕತ್ತರಿಸಿ ತೆಗೆಯುತ್ತದೆ: ಭೂಮಿ ಅಡ್ಡ ಬಂದ ಹೊತ್ತು, ದಕ್ಷಿಣ ಅಟ್ಲಾಂಟಿಕ್‌ನ ಮೇಲೆ ಕಣಗಳ ಮಳೆ ಜೋರಾದ ಹೊತ್ತು, ದೂರದರ್ಶಕ ಗುರಿ ಬಿಟ್ಟು ಸರಿದ ಹೊತ್ತು. ಉಳಿಯುವುದು ಸಾಮಾನ್ಯವಾಗಿ ಸಾವಿರ ಸೆಕೆಂಡಿನ ಆಸುಪಾಸಿನ ತುಂಡುಗಳು, ನಡುನಡುವೆ ದೊಡ್ಡ ಖಾಲಿ. ಈ ಖಾಲಿಗಳು ಮುಂದೆ ಕಾಟ ಕೊಡುತ್ತವೆ. ಸುಮಾರು ಒಂದೂವರೆ ಗಂಟೆಗೊಮ್ಮೆ ಮರುಕಳಿಸುವ ಏರಿಳಿತ ಯಾವುದೇ ನಕ್ಷತ್ರದಲ್ಲಿ ಕಂಡರೂ ಅದು ನಕ್ಷತ್ರದ್ದಲ್ಲ, ಉಪಗ್ರಹ ಭೂಮಿಯನ್ನು ಸುತ್ತುವ ಅವಧಿ.

ಸೋಸಿದ ಕಡತದಲ್ಲಿ ನಿಮಗೆ ಬೇಕಾದ್ದು ಎರಡೇ ಕಂಬಸಾಲು: ಫೋಟಾನ್ ಬಂದ ಹೊತ್ತು, ಅದರ ಶಕ್ತಿ. ಏಡಿಯಿಂದ ನೈಸರ್‌ಗೆ ಸೆಕೆಂಡಿಗೆ ಹತ್ತು ಸಾವಿರದಷ್ಟು ಫೋಟಾನ್ ಬರುತ್ತವೆ, ಸಾವಿರ ಸೆಕೆಂಡಿನ ತುಂಡೇ ಒಂದು ಕೋಟಿ ಸಾಲು. ಕಡತ ತೆರೆಯಲು ಯಂತ್ರ ಒದ್ದಾಡಿದರೆ ಗಾಬರಿಯಾಗಬೇಡಿ.

ಗಡಿಯಾರವನ್ನು ಸೂರ್ಯನ ಹತ್ತಿರಕ್ಕೆ ಒಯ್ಯುವುದು

ಇಡೀ ಕೆಲಸದ ಕಠಿಣ ಹಂತ ಇದೇ. ಅವಸರ ಬೇಡ.

ನಿಮ್ಮ ಗಡಿಯಾರ ಉಪಗ್ರಹದಲ್ಲಿದೆ. ಉಪಗ್ರಹ ಭೂಮಿಯನ್ನು ಸುತ್ತುತ್ತಿದೆ, ಭೂಮಿ ಸೂರ್ಯನನ್ನು. ನಕ್ಷತ್ರದ ಕಡೆಗೆ ಸರಿದಾಗ ಮಿಡಿತಗಳು ಬೇಗ ಸಿಗುತ್ತವೆ, ದೂರ ಸರಿದಾಗ ತಡವಾಗುತ್ತವೆ. ಸೂರ್ಯನಿಂದ ಭೂಮಿಗೆ ಬೆಳಕು ಬರಲು 499 ಸೆಕೆಂಡು. ಹಾಗಾಗಿ ವರ್ಷದ ಒಂದು ತುದಿಯಿಂದ ಇನ್ನೊಂದು ತುದಿಗೆ ಈ ವ್ಯತ್ಯಾಸ ಹದಿನಾರು ನಿಮಿಷ ದಾಟಬಹುದು. ಉಪಗ್ರಹದ ಕಕ್ಷೆಯಿಂದಾಗುವ ವ್ಯತ್ಯಾಸ ಚಿಕ್ಕದು, ಹೆಚ್ಚೆಂದರೆ ಆಚೆ ಈಚೆ 23 ಮಿಲಿಸೆಕೆಂಡು. ಚಿಕ್ಕದು ಎಂದು ಬಿಟ್ಟುಬಿಡಬೇಡಿ. ಏಡಿಯ ಒಂದು ಸುತ್ತೇ 33.8 ಮಿಲಿಸೆಕೆಂಡು. ಒಂದೂವರೆ ಗಂಟೆಯಲ್ಲಿ ಮಿಡಿತ ಒಂದು ಸುತ್ತಿಗಿಂತ ಹೆಚ್ಚು ಅತ್ತಿತ್ತ ಜಾರಿದರೆ ಅದರ ಆಕಾರ ಕಲಸಿದ ಮುದ್ದೆಯಾಗುತ್ತದೆ.

ಪರಿಹಾರ, ಎಲ್ಲ ಹೊತ್ತುಗಳನ್ನೂ ಸೌರವ್ಯೂಹದ ದ್ರವ್ಯಕೇಂದ್ರಕ್ಕೆ ಒಯ್ದು ಕೂರಿಸುವುದು. ಹೀಸಾಫ್ಟ್‌ನ ಬ್ಯಾರಿಕಾರ್ ಆಜ್ಞೆ ಇದನ್ನು ಮಾಡುತ್ತದೆ. ಅದಕ್ಕೆ ನಾಲ್ಕು ಸಂಗತಿ ಕೊಡಬೇಕು: ಫೋಟಾನ್ ಕಡತ, ಉಪಗ್ರಹದ ಕಕ್ಷೆಯ ಕಡತ, ನಕ್ಷತ್ರದ ಸ್ಥಾನ, ಗ್ರಹಗಳ ಸ್ಥಾನಪಟ್ಟಿ. ಆಸ್ಟ್ರೋಸ್ಯಾಟ್‌ಗೆ ಬೇರೆಯದೇ ಆಜ್ಞೆಯಿದೆ, ಕೆಲಸ ಅದೇ.

ಸ್ಥಾನ ಎಷ್ಟು ಚೊಕ್ಕ ಇರಬೇಕು? ಒಂದು ಆರ್ಕ್‌ಸೆಕೆಂಡು (ಡಿಗ್ರಿಯ 3,600ನೇ ಒಂದು ಪಾಲು) ತಪ್ಪಿದರೆ ವರ್ಷದುದ್ದಕ್ಕೂ 2.4 ಮಿಲಿಸೆಕೆಂಡಿನಷ್ಟು ತೂಗಾಟ ಬರಬಹುದು. ಏಡಿಗೆ ಅದು ಸುತ್ತಿನ ನೂರಕ್ಕೆ ಏಳು ಪಾಲು. ಆದ್ದರಿಂದ ಉಪಗ್ರಹ ಗುರಿಯಿಟ್ಟ ದಿಕ್ಕನ್ನು ಬಳಸಬೇಡಿ. ನಕ್ಷತ್ರದ ಅಳೆದ ಸ್ಥಾನವನ್ನೇ ಕೊಡಿ. ಏಡಿಗೆ ಅದು ವಿಷುವದಂಶ (ಆಕಾಶದ ರೇಖಾಂಶ ಇದ್ದಂತೆ) 5 ಗಂಟೆ 34 ನಿಮಿಷ 31.97 ಸೆಕೆಂಡು, ಘಂಟಾವೃತ್ತಾಂಶ (ಆಕಾಶದ ಅಕ್ಷಾಂಶ ಇದ್ದಂತೆ) ಉತ್ತರಕ್ಕೆ 22 ಡಿಗ್ರಿ 0 ನಿಮಿಷ 52.1 ಸೆಕೆಂಡು.

ಗಂಟೆ ಎಂದೆನಲ್ಲ, ಅದನ್ನು 15ರಿಂದ ಗುಣಿಸಿ ಡಿಗ್ರಿ ಮಾಡಿಯೇ ಕೊಡಬೇಕು. ನನ್ನ ಮೊದಲ ಯತ್ನದಲ್ಲಿ 83.63 ಎಂದು ಬರೆಯುವಲ್ಲಿ 5.57 ಎಂದು ಬರೆದಿದ್ದೆ. ಆಜ್ಞೆ ಚಕಾರ ಎತ್ತದೆ ಓಡಿತು, ಆವೃತ್ತಿಯೂ ಸಿಕ್ಕಿತು. ಆದರೆ ಜೋಡ್ರೆಲ್ ಬ್ಯಾಂಕ್‌ನ ಪಟ್ಟಿಗೂ ನನ್ನದಕ್ಕೂ 0.002 ಹರ್ಟ್ಸ್ ವ್ಯತ್ಯಾಸ. ನಕ್ಷತ್ರ ಒಮ್ಮೆಲೇ ವೇಗ ಪಡೆಯುವ ಘಟನೆ, ಗ್ಲಿಚ್ ಅನ್ನುತ್ತಾರಲ್ಲ, ಅದನ್ನೇ ಹಿಡಿದುಬಿಟ್ಟೆ ಎಂದು ಎರಡು ದಿನ ಹಿಗ್ಗಿದೆ. ಏಡಿಯ ಅತಿ ದೊಡ್ಡ ಗ್ಲಿಚ್ 2017ರ ನವೆಂಬರ್‌ನಲ್ಲಿ ಆದದ್ದು, ಅದರಲ್ಲಿ ಆವೃತ್ತಿ ಏರಿದ್ದು 0.000015 ಹರ್ಟ್ಸ್ ಮಾತ್ರ. ನನ್ನದು ಅದರ ನೂರು ಪಟ್ಟಿಗೂ ಮೇಲೆ. ಆಗಲೇ ಅನುಮಾನ ಬರಬೇಕಿತ್ತು.

ಗ್ರಹಗಳ ಸ್ಥಾನಪಟ್ಟಿಯಲ್ಲೂ ಹಲವು ಬಗೆಗಳಿವೆ: ಡಿಇ200, ಡಿಇ405, ಡಿಇ430, ಡಿಇ440. ಯಾವುದನ್ನು ಬಳಸಿದರೂ ನೀವು ಹೋಲಿಸುತ್ತಿರುವ ಪಟ್ಟಿಯಲ್ಲಿ ಅದನ್ನೇ ಬಳಸಿರಬೇಕು. ಸಮಯದ ವಿಧಾನವೂ ಹಾಗೆಯೇ. ಕೈಗಡಿಯಾರದ ಯುಟಿಸಿಗೂ ಖಗೋಳಜ್ಞರ ಟಿಟಿಗೂ 2017ರಿಂದ 69.184 ಸೆಕೆಂಡಿನ ಅಂತರವಿದೆ. ತಿದ್ದಿದ ಕಡತದ ತಲೆಬರಹದಲ್ಲಿ ಟಿಡಿಬಿ (ಸೌರವ್ಯೂಹದ ದ್ರವ್ಯಕೇಂದ್ರದ ಸಮಯ) ಎಂದು ಕಾಣಬೇಕು. ಕಾಣದಿದ್ದರೆ ತಿದ್ದುಪಡಿ ಆಗಿಲ್ಲ, ಹಿಂದಕ್ಕೆ ಹೋಗಿ.

ಆವೃತ್ತಿ ಹುಡುಕುವುದು

ಒಂದು ಅಖಂಡ ತುಂಡು ತೆಗೆದುಕೊಳ್ಳಿ, ಸಾವಿರ ಸೆಕೆಂಡಿನದು ಎಂದಿಟ್ಟುಕೊಳ್ಳೋಣ. ಅದನ್ನು ಮಿಲಿಸೆಕೆಂಡಿನ ಚೂರುಗಳಾಗಿ ಮಾಡಿ, ಪ್ರತಿ ಚೂರಿನ ಫೋಟಾನ್ ಎಣಿಸಿ, ಫೂರಿಯೇ ರೂಪಾಂತರ (ಏರಿಳಿತದಲ್ಲಿ ಯಾವ ಆವೃತ್ತಿ ಎಷ್ಟಿದೆ ಎಂದು ಬಿಡಿಸಿ ತೋರಿಸುವ ಲೆಕ್ಕ) ಮಾಡಿಸಿ. ಸ್ಟಿಂಗ್ರೇಯಲ್ಲಿ ಇದು ನಾಲ್ಕು ಸಾಲು. ಮಿಲಿಸೆಕೆಂಡಿನ ಚೂರಾದರೆ 500 ಹರ್ಟ್ಸ್‌ವರೆಗೆ ಕಾಣಬಹುದು. ಅದಕ್ಕಿಂತ ವೇಗದವು ಬೇಕೆಂದರೆ ಚೂರು ಇನ್ನೂ ಸಣ್ಣದಾಗಬೇಕು. ಗೊತ್ತಿರುವ ಅತಿ ವೇಗದ ಪಲ್ಸಾರ್ (ಮಿಡಿಯುವ ನ್ಯೂಟ್ರಾನ್ ನಕ್ಷತ್ರ) 716 ಹರ್ಟ್ಸ್‌ನದು, ಧನುರಾಶಿಯ ಟರ್ಜಾನ್-5 ಗುಚ್ಛದಲ್ಲಿದೆ.

ಲೀಹಿ ಎಂಬುವರ ಹೆಸರಿನ ಅಳತೆಪಟ್ಟಿಯನ್ನೇ ಆರಿಸಿಕೊಳ್ಳಿ. ಅದರಲ್ಲಿ ಬರೀ ಗದ್ದಲದ ಸರಾಸರಿ ಎತ್ತರ 2. ಏಡಿಯ ಶಿಖರ 29.6ರ ಹತ್ತಿರ ಸಾವಿರಗಳ ಎತ್ತರದಲ್ಲಿ ನಿಂತಿರುತ್ತದೆ, ಅನುಮಾನಕ್ಕೆ ಜಾಗವೇ ಇಲ್ಲ. 59ರ ಹತ್ತಿರವೂ ಒಂದು ಶಿಖರ ಕಾಣುತ್ತದೆ. ಏಡಿ ಸುತ್ತಿಗೆ ಎರಡು ಸಲ ಮಿಡಿಯುವುದರಿಂದ ಬರುವ ಇಮ್ಮಡಿ ಆವೃತ್ತಿ ಅದು. ಅದನ್ನೇ ಗಿರಕಿ ಎಂದುಕೊಳ್ಳುವುದು ಹೊಸಬರ ಮಾಮೂಲು ತಪ್ಪು.

ಗೊತ್ತಿಲ್ಲದ ನಕ್ಷತ್ರದಲ್ಲಿ ಮಾತ್ರ ಶಿಖರ ಕಂಡ ಕೂಡಲೇ ಕುಣಿಯಬೇಡಿ. ಗದ್ದಲ ಒಂದು ಎತ್ತರ ದಾಟುವ ಸಂಭವ ಆ ಎತ್ತರದ ಅರ್ಧದಷ್ಟು ಘಾತದಲ್ಲಿ ಕುಗ್ಗುತ್ತದೆ, ನಿಜ. ಆದರೆ ನೀವು ಹುಡುಕುತ್ತಿರುವುದು ಐದು ಲಕ್ಷ ಆವೃತ್ತಿಗಳಲ್ಲಿ. ಐದು ಲಕ್ಷ ಲಾಟರಿ ಚೀಟಿ ಕೊಂಡವನಿಗೆ ಒಂದು ಬಹುಮಾನ ಬಂದರೆ ಅದೃಷ್ಟ ಎನ್ನುವುದಿಲ್ಲ. ಲೆಕ್ಕ ಹಾಕಿದರೆ, ನೂರರಲ್ಲಿ ಒಂದು ಪಾಲು ಮಾತ್ರ ಮೋಸ ಹೋಗುವ ಸಂಭವ ಇರಬೇಕೆಂದರೆ ಶಿಖರ ಕನಿಷ್ಠ 35.5 ದಾಟಬೇಕು. ಅದಕ್ಕಿಂತ ಕೆಳಗಿನದು ಏನಿದ್ದರೂ ಟಿಪ್ಪಣಿ ಪುಸ್ತಕದಲ್ಲೇ ಇರಲಿ. ಇನ್ನು ಅನಿಲ ಎಳೆಯುವ ನಕ್ಷತ್ರಗಳ ಬೆಳಕು ತಾನಾಗಿಯೇ ಏರಿಳಿಯುತ್ತದೆ. ಹಾಗಾಗಿ ಕಡಿಮೆ ಆವೃತ್ತಿಗಳಲ್ಲಿ ಗದ್ದಲ 2ಕ್ಕಿಂತ ಎಷ್ಟೋ ಮೇಲಿರುತ್ತದೆ. ಅಲ್ಲಿ ಈ 35.5 ನಡೆಯುವುದಿಲ್ಲ, ಅಕ್ಕಪಕ್ಕದ ಗದ್ದಲಕ್ಕೆ ಹೋಲಿಸಿಯೇ ತೂಗಬೇಕು.

ನೆರಿಗೆ ಹಿಡಿಯುವುದು

ಅಂಚಿನಲ್ಲಿ ಒಂದೇ ಹೂವು ಮತ್ತೆ ಮತ್ತೆ ಬರುವ ಸೀರೆಯನ್ನು ನೆನೆಸಿಕೊಳ್ಳಿ. ನೆರಿಗೆಯ ಅಗಲ ಹೂವಿನ ಅಂತರಕ್ಕೆ ಸರಿಯಾಗಿದ್ದರೆ ಎಲ್ಲ ಹೂವೂ ಒಂದರ ಮೇಲೊಂದು ಕೂರುತ್ತವೆ. ಕೂದಲೆಳೆಯಷ್ಟು ಹೆಚ್ಚು ಕಡಿಮೆಯಾದರೂ ನೂರನೇ ನೆರಿಗೆಗೆ ಹೂವು ಎಲ್ಲೋ ಹೋಗಿರುತ್ತದೆ. ಫೋಟಾನ್‌ಗಳನ್ನು ಅವಧಿಯ ಅಗಲಕ್ಕೆ ಮಡಿಸುವುದೂ ಹೀಗೇ.

ಫೂರಿಯೇಯಿಂದ ಸಿಕ್ಕ ಆವೃತ್ತಿಯ ಆಚೀಚೆ ಸಣ್ಣ ಸಣ್ಣ ಹೆಜ್ಜೆಯಲ್ಲಿ ಮಡಿಸುತ್ತಾ ಹೋಗಿ, ಯಾವ ಆವೃತ್ತಿಗೆ ಮಿಡಿತ ಅತಿ ಚೂಪಾಗುತ್ತದೆ ನೋಡಿ. ಹೀಸಾಫ್ಟ್‌ನ ಇಎಫ್‌ಸರ್ಚ್ ಇದನ್ನೇ ಮಾಡುತ್ತದೆ. ಫೋಟಾನ್ ಕಡಿಮೆ ಇದ್ದರೆ ಚೂರು ಮಾಡದೆಯೇ ಲೆಕ್ಕ ಹಾಕುವ ಝಡ್-ವರ್ಗ ಪರೀಕ್ಷೆ ಅಥವಾ ಎಚ್ ಪರೀಕ್ಷೆ ಮೇಲು. ಹತ್ತು ಸಾವಿರ ಸೆಕೆಂಡಿನ ವೀಕ್ಷಣೆಯಲ್ಲಿ 0.0001 ಹರ್ಟ್ಸ್ ತಪ್ಪಿದರೆ ಇಡೀ ಒಂದು ಸುತ್ತು ಜಾರಿ ಮಿಡಿತ ಅಳಿಸಿಹೋಗುತ್ತದೆ. ಹಾಗಾಗಿ ಹೆಜ್ಜೆ ಅದರ ಹತ್ತನೇ ಒಂದರಷ್ಟಿರಲಿ.

ಸುತ್ತನ್ನು 64 ಭಾಗ ಮಾಡಿ ಚಿತ್ರ ಬರೆಯಿಸಿ. ಒಂದು ಚೂಪು ಶಿಖರ, ಅದಾಗಿ ಸುತ್ತಿನ 0.4 ಭಾಗ ಕಳೆದ ಮೇಲೆ ಇನ್ನೊಂದು, ನಡುವೆ ಸೇತುವೆಯ ಹಾಗೆ ಕೊಂಚ ಎತ್ತರದ ಬೆಳಕು. ಇದು ಪರದೆಯ ಮೇಲೆ ಮೂಡುವ ಕ್ಷಣಕ್ಕಾಗಿಯೇ ಇಷ್ಟೆಲ್ಲ ಪಾಡು ಪಡಬಹುದು. ಕೆಳಗಿನ ದಪ್ಪ ತಳ ನಕ್ಷತ್ರದ್ದಲ್ಲ, ಸುತ್ತಲಿನ ನೀಹಾರಿಕೆಯದು. ಲ್ಯಾಕ್ಸ್‌ಪಿಸಿ ದತ್ತಾಂಶ ಇದ್ದರೆ ಕಡಿಮೆ ಶಕ್ತಿಯ ಫೋಟಾನ್‌ಗಳನ್ನೂ ಹೆಚ್ಚಿನವನ್ನೂ ಬೇರೆ ಬೇರೆ ಮಡಿಸಿ ನೋಡಿ: ಶಕ್ತಿ ಹೆಚ್ಚಿದಂತೆ ಎರಡನೇ ಶಿಖರವೂ ಸೇತುವೆಯೂ ಮೊದಲನೆಯದನ್ನು ಮೀರಿಸಲು ಹೊರಡುತ್ತವೆ.

ಒಂದು ಸುತ್ತೂ ತಪ್ಪದಂತೆ ಎಣಿಸುವುದು

ಈಗ ಆವೃತ್ತಿ ಐದನೇ ದಶಮಾಂಶದವರೆಗೆ ಬಂದಿದೆ. ಮುಂದಿನ ದಾರಿ ಬೇರೆ. ವೀಕ್ಷಣೆಯನ್ನು 500 ಸೆಕೆಂಡಿನ ತುಂಡು ಮಾಡಿ, ಪ್ರತಿ ತುಂಡನ್ನೂ ಒಂದೇ ಆವೃತ್ತಿಗೆ ಮಡಿಸಿ, ಶಿಖರ ನಿರೀಕ್ಷಿಸಿದ ಜಾಗದಿಂದ ಎಷ್ಟು ಸರಿದಿದೆ ಎಂದು ಅಳೆಯಿರಿ. ಆ ಸರಿತಗಳನ್ನು ಹೊತ್ತಿನ ಎದುರು ಚುಕ್ಕಿ ಇಟ್ಟು ನೋಡಿ.

ಈ ನಕ್ಷೆ ಓದುವುದೇ ಕಸುಬು. ಚುಕ್ಕಿಗಳು ಮಟ್ಟಸ ಸಾಲಾಗಿದ್ದರೆ ಆವೃತ್ತಿ ಸರಿ. ಓರೆಯಾಗಿ ಏರಿದರೆ ಅಥವಾ ಇಳಿದರೆ ಆವೃತ್ತಿ ಕೊಂಚ ತಪ್ಪು: ಹತ್ತು ಸಾವಿರ ಸೆಕೆಂಡಿನಲ್ಲಿ 0.1 ಸುತ್ತು ಸರಿದಿದ್ದರೆ 0.00001 ಹರ್ಟ್ಸ್ ತಿದ್ದಬೇಕು. ಬಟ್ಟಲಿನ ಹಾಗೆ ಬಾಗಿದ್ದರೆ ಗಿರಕಿಯ ವೇಗವೇ ಬದಲಾಗುತ್ತಿದೆ. ಅಲೆಯಂತೆ ಏರಿಳಿದರೆ ನಕ್ಷತ್ರ ಜೋಡಿಯಲ್ಲಿದೆ, ಅಥವಾ ಉಪಗ್ರಹದ ಕಕ್ಷೆಯ ಕಡತ ಸರಿಯಿಲ್ಲ. ಅಲೆಯ ಅವಧಿ ಒಂದೂವರೆ ಗಂಟೆಯಾಗಿದ್ದರೆ ಎರಡನೆಯದೇ ಕಾರಣ. ಒಂದು ಕಡೆ ಥಟ್ಟನೆ ಮೊಣಕೈಯಂತೆ ಮುರಿದಿದ್ದರೆ ಗ್ಲಿಚ್ ಇರಬಹುದು. ನನ್ನ ಕಥೆ ನೆನಪಿಟ್ಟುಕೊಂಡು ಮುಂದುವರಿಯಿರಿ.

ಏಡಿಯ ಆವೃತ್ತಿ ಪ್ರತಿ ಸೆಕೆಂಡಿಗೆ 3.7 ಭಾಗಿಸು ಸಾವಿರ ಕೋಟಿ ಹರ್ಟ್ಸ್‌ನಷ್ಟು ಇಳಿಯುತ್ತದೆ. ಕೇಳಲು ಏನೂ ಅಲ್ಲ. ಹತ್ತು ಸಾವಿರ ಸೆಕೆಂಡಿನಲ್ಲಿ ಇದರಿಂದ ಮಿಡಿತ ಸರಿಯುವುದು ಸುತ್ತಿನ ನೂರಕ್ಕೆ ಎರಡು ಪಾಲಷ್ಟೆ. ಆದರೆ ಸರಿತ ಹೊತ್ತಿನ ವರ್ಗದಂತೆ ಬೆಳೆಯುತ್ತದೆ. ಒಂದು ದಿನಕ್ಕೆ ಅದು ಸುಮಾರು 1.4 ಸುತ್ತು. ಇವತ್ತಿನ ವೀಕ್ಷಣೆಯನ್ನು ನಾಳಿನದಕ್ಕೆ ಹೊಲಿಯುವಾಗ ಈ ಇಳಿತವನ್ನು ಸೇರಿಸದಿದ್ದರೆ ಒಂದು ಸುತ್ತು ಎಣಿಕೆಯಿಂದ ತಪ್ಪಿಹೋಗುತ್ತದೆ, ಗೊತ್ತೂ ಆಗುವುದಿಲ್ಲ. ಸೇರಿಸಿದರೆ ಮಾತ್ರ ನಡುವಿನ 25 ಲಕ್ಷಕ್ಕೂ ಮೇಲ್ಪಟ್ಟ ಸುತ್ತುಗಳನ್ನು ನೋಡದೆಯೇ ಒಂದೂ ಬಿಡದಂತೆ ಎಣಿಸಿದ ಹಾಗಾಗುತ್ತದೆ. ಪಿಂಟ್ ಈ ಹೊಲಿಗೆಯನ್ನು ಮಾಡಿಕೊಡುತ್ತದೆ. ಹತ್ತಿರದ ದಿನಗಳಿಂದ ಶುರು ಮಾಡಿ ದೂರದವಕ್ಕೆ ಹೋಗಿ. ಒಮ್ಮೆಲೇ ಆರು ತಿಂಗಳು ಹಾರಬೇಡಿ.

ಕೊನೆಗೆ ಜೋಡ್ರೆಲ್ ಬ್ಯಾಂಕ್‌ನ ಆ ತಿಂಗಳ ಸಾಲಿಗೆ ಹೋಲಿಸಿ. ಆವೃತ್ತಿ ಹೊಂದಬೇಕು. ಶಿಖರ ಮಾತ್ರ ರೇಡಿಯೊ ಮಿಡಿತಕ್ಕಿಂತ ಸುಮಾರು 0.3 ಮಿಲಿಸೆಕೆಂಡು ಮುಂಚೆ ಬರುತ್ತದೆ. ಅದು ನಿಮ್ಮ ತಪ್ಪಲ್ಲ, ಏಡಿ ಇರುವುದೇ ಹಾಗೆ.

ಸಿಕ್ಕ ಎರಡು ಸಂಖ್ಯೆಗಳಿಂದ ವಯಸ್ಸನ್ನೂ ಅಂದಾಜಿಸಬಹುದು: ಆವೃತ್ತಿಯನ್ನು ಅದರ ಇಳಿತದ ಎರಡರಷ್ಟರಿಂದ ಭಾಗಿಸಿ. ಏಡಿಗೆ ಸುಮಾರು 1,270 ವರ್ಷ ಬರುತ್ತದೆ. ಆದರೆ ಚೀನೀಯರು ಈ ನಕ್ಷತ್ರ ಹುಟ್ಟಿದ ಸ್ಫೋಟವನ್ನು ಕಂಡು ಬರೆದಿಟ್ಟದ್ದು 1054ರಲ್ಲಿ. ಹುಟ್ಟಿದಾಗ ನಕ್ಷತ್ರ ಅಪಾರ ವೇಗದಲ್ಲಿತ್ತು, ಆಮೇಲಿನ ಇಳಿತವೆಲ್ಲ ಒಂದೇ ಸರಳ ನಿಯಮದಂತೆ ಆಯಿತು ಎಂದು ಈ ಸೂತ್ರ ನಂಬಿಕೊಂಡಿದೆ, ಎರಡೂ ಪೂರಾ ನಿಜವಲ್ಲ.

ಜೋಡಿ ನಕ್ಷತ್ರಕ್ಕೆ ಹೋದಾಗ

ಸೆಂಟಾರಸ್ ಎಕ್ಸ್-3 ದೊಡ್ಡದೊಂದು ನೀಲಿ ನಕ್ಷತ್ರವನ್ನು 2.09 ದಿನಕ್ಕೊಮ್ಮೆ ಸುತ್ತುತ್ತದೆ. ಆ ಕಕ್ಷೆಯಲ್ಲಿ ಅದು ನಮ್ಮತ್ತ ಬಂದಾಗ, ದೂರ ಹೋದಾಗ ಮಿಡಿತ 39.6 ಸೆಕೆಂಡಿನಷ್ಟು ಬೇಗ ಅಥವಾ ತಡ. ಅಂದರೆ ಎಂಟು ಸುತ್ತಿನಷ್ಟು. ಅವಧಿಯೇ 6.6 ಮಿಲಿಸೆಕೆಂಡಿನಷ್ಟು ಹಿಗ್ಗಿ ಕುಗ್ಗುತ್ತದೆ. ಇದನ್ನು ತಿದ್ದದೆ ಗಿರಕಿಯ ಬದಲಾವಣೆ ಎಂದರೆ ನಗೆಪಾಟಲು. ಸೂರ್ಯನತ್ತ ಗಡಿಯಾರ ಒಯ್ದಂತೆಯೇ ಇಲ್ಲಿ ಜೋಡಿಯ ದ್ರವ್ಯಕೇಂದ್ರಕ್ಕೂ ಒಯ್ಯಬೇಕು. ಫರ್ಮಿ ಉಪಗ್ರಹದ ಜಿಬಿಎಂ (ಗಾಮಾ ಕಿರಣ ಸ್ಫೋಟ ಕಾಯುವ ಉಪಕರಣ) ತಂಡ ಇಂಥ ಹಲವು ನಕ್ಷತ್ರಗಳ ಕಕ್ಷೆಯ ವಿವರವನ್ನೂ ಆವೃತ್ತಿಯ ಇತಿಹಾಸವನ್ನೂ ಸಾರ್ವಜನಿಕವಾಗಿ ಇಟ್ಟಿದೆ, ಅಲ್ಲಿಂದ ತೆಗೆದುಕೊಳ್ಳಿ. ಈ ಕಕ್ಷೆ ನಿಧಾನವಾಗಿ ಕುಗ್ಗುತ್ತಿರುವುದರಿಂದ ಎಪ್ಪತ್ತರ ದಶಕದ ಸಂಖ್ಯೆಗಳನ್ನು ಹಾಗೇ ಎತ್ತಿ ಹಾಕಬೇಡಿ. ದೊಡ್ಡ ನಕ್ಷತ್ರ ಅಡ್ಡ ಬಂದು ಅರ್ಧ ದಿನದಷ್ಟು ಗ್ರಹಣವೂ ಆಗುತ್ತದೆ, ಆ ಹೊತ್ತಿನ ದತ್ತಾಂಶದಲ್ಲಿ ಮಿಡಿತ ಹುಡುಕುವುದು ವ್ಯರ್ಥ.

ಕ್ಷಣದಲ್ಲಿ ಮುಗಿಯುವ ಮಿಡಿತ

ಕೆಲವು ನಕ್ಷತ್ರಗಳು ಮೈಮೇಲೆ ಬಿದ್ದ ಅನಿಲ ಹೊತ್ತಿಕೊಂಡು ಸಿಡಿದಾಗ ಮಾತ್ರ, ಅದೂ ಹತ್ತಾರು ಸೆಕೆಂಡು, ಮಿಡಿಯುತ್ತವೆ. 4ಯು 1728-34 ಎಂಬುದರಲ್ಲಿ 1996ರಲ್ಲಿ 363 ಹರ್ಟ್ಸ್ ಮಿಡಿತ ಸಿಕ್ಕಿತು, ಲ್ಯಾಕ್ಸ್‌ಪಿಸಿಯೂ ಅದನ್ನು ಕಂಡಿದೆ. ಇಲ್ಲಿ ಸಿಡಿತದ ಹೊತ್ತನ್ನು ಒಂದೊಂದು ಸೆಕೆಂಡಿನ, ಒಂದರ ಮೇಲೊಂದು ಹಾಯುವ ಕಿಟಕಿಗಳಾಗಿ ಮಾಡಿ ಪ್ರತಿಯೊಂದರ ಫೂರಿಯೇ ತೆಗೆಯಬೇಕು. ಸಿಡಿತ ಸಾಗಿದಂತೆ ಆವೃತ್ತಿ ಒಂದೆರಡು ಹರ್ಟ್ಸ್ ಜಾರುವುದು ಸಾಮಾನ್ಯ. ಏಳನೇ ದಶಮಾಂಶದ ಆಸೆ ಇಲ್ಲಿ ಬಿಟ್ಟುಬಿಡಿ.

ಉತ್ತರ ಬರೆಯುವ ರೀತಿ

ಆವೃತ್ತಿಯ ಪಕ್ಕದಲ್ಲಿ ಅದರ ದೋಷಮಿತಿ ಇರಲಿ. ಶಿಖರದ ಅಗಲವೇ ದೋಷಮಿತಿ ಅಲ್ಲ. ಕೃತಕ ಫೋಟಾನ್ ಪಟ್ಟಿಗಳನ್ನು ಸಾವಿರ ಸಲ ತಯಾರಿಸಿ ಅದೇ ವಿಧಾನದಲ್ಲಿ ಅಳೆದು ಎಷ್ಟು ಚದುರುತ್ತದೆ ನೋಡುವುದು ನನಗೆ ಹೆಚ್ಚು ನಂಬಿಕೆಯ ದಾರಿ. ಜೊತೆಗೆ ಸ್ಥಾನ, ಗ್ರಹಗಳ ಪಟ್ಟಿಯ ಹೆಸರು, ಸಮಯದ ವಿಧಾನ. ಇವೆಲ್ಲಕ್ಕಿಂತ ಮೊದಲು ಈ ಆವೃತ್ತಿ ಯಾವ ಕ್ಷಣದ್ದು ಎಂಬುದನ್ನು ಬರೆಯಿರಿ. ಏಡಿಯ ಏಳನೇ ದಶಮಾಂಶ ನಾಲ್ಕೂವರೆ ನಿಮಿಷಕ್ಕೊಂದು ಸಲ ಬದಲಾಗುತ್ತದೆ. ನೀವು ಕಾಫಿ ಬೆರೆಸಿಕೊಂಡು ಬಂದು ಕೂರುವಷ್ಟರಲ್ಲಿ ಅದು ಹಳೆಯ ಸಂಖ್ಯೆಯಾಗಿರುತ್ತದೆ.